ಆಸ್ಪತ್ರೆಯ ಮೈಕ್ರೋಬಯಾಲಜಿ ಲ್ಯಾಬಿನಲ್ಲಿ ಡಿಗ್ರಿ ಅಪ್ರೆಂಟಿಸ್‌ಶಿಪ್, ಸೇರಬಹುದಾ? (ಕೋಲಾರ)

ಮುಳಬಾಗಿಲು ಹುಡುಗಿ
ಎಲ್ಲರಿಗೂ ನಮಸ್ಕಾರ. ನಾನು ಬಿಎಸ್‌ಸಿ ಓದುತ್ತಿದ್ದೇನೆ, ಮೈಕ್ರೋಬಯಾಲಜಿ ಮುಖ್ಯ ವಿಷಯ. ಎರಡನೇ ವರ್ಷ ಮುಗಿಯುತ್ತಾ ಬಂತು. ಮೂರನೇ ವರ್ಷ ಕೋಲಾರದ ಒಂದು ಆಸ್ಪತ್ರೆಯ ಮೈಕ್ರೋಬಯಾಲಜಿ ಲ್ಯಾಬಿನಲ್ಲಿ ಅಪ್ರೆಂಟಿಸ್ ಆಗಿ ಇರಬಹುದು, ಅದು ಡಿಗ್ರಿಗೇ ಕ್ರೆಡಿಟ್ ಆಗಿ ಸೇರುತ್ತದೆ, ತಿಂಗಳಿಗೆ ಸ್ಟೈಪೆಂಡ್ ಕೂಡ ಇದೆ ಎಂದು ಕಾಲೇಜಿನಲ್ಲಿ ಹೇಳಿದ್ದಾರೆ. ಒಪ್ಪಿಗೆ ಪತ್ರ ಈ ವಾರದಲ್ಲೇ ಕೊಡಬೇಕು.

ನನಗೆ ತುಂಬಾ ಆಸೆ ಇದೆ. ಅಪ್ಪ ಒಪ್ಪುತ್ತಿಲ್ಲ. "ಕಫ, ಕೀವು, ಮಲ ಮುಟ್ಟೋ ಕೆಲಸ. ಟಿಬಿ ಅಂಟಿಕೊಂಡ್ರೆ ಯಾರು ನೋಡ್ತಾರೆ?" ಅಂತಾರೆ. ಚಿಕ್ಕಪ್ಪನದು ಇನ್ನೊಂದು ಮಾತು: "ನರಸಾಪುರದ ಕಾರ್ಖಾನೆಗೆ ಸೇರಿಸಿ, ಕೈಗೆ ದುಡ್ಡಾದ್ರೂ ಬರುತ್ತೆ."

ಅಲ್ಲಿ ನಿಜವಾಗಿ ಕೆಲಸ ಕಲಿಸುತ್ತಾರಾ? ಮುಂದೆ ಲ್ಯಾಬ್ ಕೆಲಸಕ್ಕೆ ಇದು ಲೆಕ್ಕಕ್ಕೆ ಬರುತ್ತದಾ? ಅಪ್ಪನ ಭಯಕ್ಕೆ ಏನು ಹೇಳಲಿ? ಗೊತ್ತಿರುವವರು ದಯವಿಟ್ಟು ಬರೆಯಿರಿ.

ಕೆಜಿಎಫ್ ಅಣ್ಣ
ಸ್ಟೈಪೆಂಡ್ ಎಷ್ಟು ಅಂತ ಮೊದಲು ಹೇಳಮ್ಮ. ಆಮೇಲೆ ಉಳಿದ ಮಾತು.

ಬೆಂಚ್ ಅಕ್ಕ, ಟಮಕ
ತಂಗಿ, ನಾನು ಆಸ್ಪತ್ರೆ ಮೈಕ್ರೋಬಯಾಲಜಿಯಲ್ಲೇ ಕೆಲಸ ಮಾಡುವವಳು. ಕಲಿಯುವುದು ಬೇಕಾದಷ್ಟಿದೆ. ಆದರೆ ನಿನ್ನನ್ನು ಬೆಂಚಿನ ಮುಂದೆ ಕೂರಿಸಿದರೆ ಮಾತ್ರ.

ಬೆಳಿಗ್ಗೆ ಬಂದ ಕೂಡಲೇ ಇನ್‌ಕ್ಯುಬೇಟರ್, ಫ್ರಿಜ್ ಎರಡರ ತಾಪಮಾನ ಬರೆಯಬೇಕು. ಆಮೇಲೆ ನಿನ್ನೆ ಹಾಕಿದ ಪ್ಲೇಟ್ (ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆ) ಓದುವುದು. ಮೆಕಾಂಕಿ ಎನ್ನುವ ಮೀಡಿಯಾ (ಬ್ಯಾಕ್ಟೀರಿಯಾಗೆ ಹಾಕುವ ಆಹಾರ) ಮೇಲೆ ಗುಲಾಬಿ ಕಾಲೊನಿ, ಅಂದರೆ ಬ್ಯಾಕ್ಟೀರಿಯಾ ಗುಂಪು, ಬಂದಿದ್ದರೆ ಅದು ಲ್ಯಾಕ್ಟೋಸ್ ಹುದುಗಿಸುವ ಜಾತಿ, ಇ. ಕೋಲಿಯೋ ಕ್ಲೆಬ್ಸಿಯೆಲ್ಲಾನೋ ಇರಬಹುದು. ಬಣ್ಣ ಬಾರದಿದ್ದರೆ ಹುಡುಕುವ ದಾರಿ ಬೇರೆ. ಮೂತ್ರದ ಕಲ್ಚರ್‌ಗೆ 0.001 ಮಿಲೀ ಹಿಡಿಯುವ ಲೂಪ್ (ತುದಿಯಲ್ಲಿ ಬಳೆ ಇರುವ ತಂತಿ) ಬಳಸುತ್ತೇವೆ. ಪ್ಲೇಟಿನಲ್ಲಿ 100 ಕಾಲೊನಿ ಬಂದರೆ ಒಂದು ಮಿಲೀಗೆ 1 ಲಕ್ಷ ಬ್ಯಾಕ್ಟೀರಿಯಾ ಅಂತ ಲೆಕ್ಕ. ಪುಸ್ತಕದಲ್ಲಿ ಇದನ್ನು ಓದಿರುತ್ತೀಯ. ಆದರೆ ಶ್ರೀನಿವಾಸಪುರದ ಕಡೆಯಿಂದ ಬೇಸಿಗೆಯಲ್ಲಿ ಬಸ್ಸಿನಲ್ಲಿ ಬಂದ ಡಬ್ಬಿ ಅಂದರೆ ಆ ಲಕ್ಷವನ್ನು ಸುಮ್ನೆ ನಂಬುವಂತಿಲ್ಲ. ಎರಡು ಗಂಟೆಗಿಂತ ಹೆಚ್ಚು ಹೊರಗೆ ಇದ್ದರೆ ಬ್ಯಾಕ್ಟೀರಿಯಾ ಡಬ್ಬಿಯಲ್ಲೇ ಬೆಳೆದಿರುತ್ತವೆ. "ಮತ್ತೆ ಮಾದರಿ ಕಳಿಸಿ" ಎಂದು ಹೇಳುವ ಧೈರ್ಯ ಬೆಂಚಿನಲ್ಲಿ ಕೂತರೇ ಬರುವುದು.

ನನಗೆ ಈ ಕೆಲಸ ಇಷ್ಟ ಆಗಲು ಕಾರಣ ಬ್ಲಡ್ ಕಲ್ಚರ್. ರಕ್ತ ಹಾಕಿದ ಬಾಟಲಿಯನ್ನು ಮೆಷಿನ್ ಒಳಗೆ ಇಡುತ್ತೇವೆ. ಒಳಗೆ ಬ್ಯಾಕ್ಟೀರಿಯಾ ಬೆಳೆದರೆ ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತದೆ, ಮೆಷಿನ್ ಅದನ್ನು ಹಿಡಿದು ಕೂಗುತ್ತದೆ. ಸಾಮಾನ್ಯವಾಗಿ 5 ದಿನ ಕಾಯುತ್ತೇವೆ, ಆದರೆ ಮಗುವಿನ ರಕ್ತದಲ್ಲಿ ಸೋಂಕು ಜೋರಾಗಿದ್ದರೆ ಒಂದು ದಿನದೊಳಗೇ ಕೂಗುವುದುಂಟು. ಆಗ ಬೇರೆ ಕೆಲಸ ಬಿಟ್ಟು ಗ್ರಾಂ ಸ್ಟೇನ್, ಅಂದರೆ ಬಣ್ಣ ಹಾಕಿ ಬ್ಯಾಕ್ಟೀರಿಯಾ ಯಾವ ಬಗೆ ಎಂದು ನೋಡುವ ಪರೀಕ್ಷೆ, ಮಾಡಬೇಕು. ಕ್ರಿಸ್ಟಲ್ ವಯೊಲೆಟ್, ಅಯೋಡಿನ್, ಡಿಕಲರೈಸರ್, ಸ್ಯಾಫ್ರನಿನ್. ಸ್ಲೈಡಿನಲ್ಲಿ ಕೆಂಪು ಕಡ್ಡಿ ಕಂಡರೆ ಗ್ರಾಂ ನೆಗೆಟಿವ್. ವರದಿ ಟೈಪ್ ಆಗುವವರೆಗೆ ಕಾಯುವಂತಿಲ್ಲ. ನಮ್ಮ ಮೇಡಂ ಸ್ಲೈಡ್ ನೋಡಿ ವಾರ್ಡಿಗೆ ಫೋನ್ ಮಾಡುತ್ತಾರೆ, ಆ ಕಡೆಯವರು ಕೇಳಿಸಿಕೊಂಡದ್ದನ್ನು ತಿರುಗಿ ಹೇಳಬೇಕು, ಸಮಯ, ಹೆಸರು ಎರಡೂ ರಿಜಿಸ್ಟರ್‌ಗೆ ಹೋಗಬೇಕು. ಡಾಕ್ಟರ್ ಅವತ್ತೇ ಔಷಧಿ ಬದಲಾಯಿಸಬಹುದು. ಬಣ್ಣ ತೊಳೆಯುವ ಹಂತದಲ್ಲಿ ಡಿಕಲರೈಸರ್ ಹೆಚ್ಚು ಹೊತ್ತು ಬಿಟ್ಟರೆ ನೇರಳೆ ಇರಬೇಕಾದದ್ದು ಕೆಂಪಾಗಿ ಕಾಣುತ್ತದೆ, ಔಷಧಿಯೂ ತಪ್ಪುತ್ತದೆ. ಕೆಲವು ಸೆಕೆಂಡುಗಳ ಕೆಲಸ ಅದು. ಕೈಗೆ ಹತ್ತಬೇಕಾದರೆ ದಿನವೂ ಮಾಡಬೇಕು, ಪಕ್ಕದಲ್ಲಿ ಒಬ್ಬರು ನಿಂತು ನೋಡಬೇಕು.

ಗೌರಿಬಿದನೂರಿನವಳು
ಅಕ್ಕ ಹೇಳಿದ "ಬೆಂಚಿನ ಮುಂದೆ ಕೂರಿಸಿದರೆ ಮಾತ್ರ" ಎನ್ನುವುದನ್ನು ದೊಡ್ಡ ಅಕ್ಷರದಲ್ಲಿ ಬರೆದುಕೊಳ್ಳಿ. ನಾನು ಒಂದು ಕಡೆ ಅಪ್ರೆಂಟಿಸ್ ಆಗಿದ್ದೆ, ಹೆಸರು ಬೇಡ. ಹೆಚ್ಚಿನ ತಿಂಗಳು ಮಾದರಿ ತೆಗೆದುಕೊಳ್ಳುವ ಕೌಂಟರಿನಲ್ಲೇ ಕಳೆಯಿತು. ಬಾರ್‌ಕೋಡ್ ಅಂಟಿಸು, ಕಂಪ್ಯೂಟರಿಗೆ ಏರಿಸು, ವಾರ್ಡಿನಿಂದ ಡಬ್ಬಿ ತಾ. ಲೂಪ್ ಹಿಡಿಯಲು ಕೊಟ್ಟದ್ದು ಕಡೆಯ ದಿನಗಳಲ್ಲಿ. ಸರ್ಟಿಫಿಕೇಟಿನಲ್ಲಿ ಮಾತ್ರ ಎಲ್ಲ ಟೆಸ್ಟಿನ ಹೆಸರೂ ಇದೆ. ಇಂಟರ್‌ವ್ಯೂನಲ್ಲಿ "0.5 ಮೆಕ್‌ಫಾರ್ಲೆಂಡ್ ಹೇಗೆ ಹೊಂದಿಸ್ತೀರಿ, ಮಾಡಿ ತೋರಿಸಿ" ಅಂದರು. ಪರೀಕ್ಷೆಗೆ ಹಾಕುವ ಬ್ಯಾಕ್ಟೀರಿಯಾ ದ್ರಾವಣ ಎಷ್ಟು ಮಸುಕಾಗಿರಬೇಕು ಎನ್ನುವ ಅಳತೆ ಅದು. ನನಗೆ ಯಾರೂ ಅದನ್ನು ತೋರಿಸಿರಲೇ ಇಲ್ಲ. ಇದಕ್ಕೆ ನನಗೆ ಇವತ್ತಿಗೂ ಸಿಟ್ಟಿದೆ.

ಶಿರಾ ಎಂಎಲ್‌ಟಿ
ಯಾರೂ ಹೇಳದ ವಿಷಯ ನಾನು ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಬಿಎಸ್‌ಸಿ ಮೈಕ್ರೋಬಯಾಲಜಿ ಬೇರೆ, ಬಿಎಸ್‌ಸಿ ಎಂಎಲ್‌ಟಿ (ಮೆಡಿಕಲ್ ಲ್ಯಾಬ್ ಟೆಕ್ನಾಲಜಿ) ಬೇರೆ. ಎಂಎಲ್‌ಟಿಯವರಿಗೆ ರಾಜೀವ್ ಗಾಂಧಿ ಆರೋಗ್ಯ ವಿವಿಯಲ್ಲಿ ಮೂರು ವರ್ಷ ಓದು, ಅದರ ಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ರಕ್ತ, ಬಯೋಕೆಮಿಸ್ಟ್ರಿ, ಪೆಥಾಲಜಿ, ಮೈಕ್ರೋ ಎಲ್ಲಾ ಮಾಡಿರುತ್ತೇವೆ. ಸರ್ಕಾರಿ ಲ್ಯಾಬ್ ಟೆಕ್ನೀಷಿಯನ್ ಹುದ್ದೆಗೆ ಅರ್ಜಿ ಕರೆದಾಗ ಡಿಎಂಎಲ್‌ಟಿ (ಅದೇ ವಿಷಯದ ಡಿಪ್ಲೊಮಾ) ಅಥವಾ ಎಂಎಲ್‌ಟಿ ಡಿಗ್ರಿಯನ್ನೇ ಕೇಳುತ್ತಾರೆ. ಈ ಹುಡುಗಿ ಒಂದು ವರ್ಷ ಕಷ್ಟಪಟ್ಟು ಪ್ಲೇಟ್ ಓದಲು ಕಲಿತರೂ ಆ ಅರ್ಜಿ ಹಾಕಲು ಬರುವುದಿಲ್ಲ. ಕಾಲೇಜಿನವರು ಇದನ್ನು ಮೊದಲೇ ಹೇಳಬೇಕು, ಅಲ್ವಾ?

ಕ್ಯಾತ್ಸಂದ್ರ ಕ್ಯೂಸಿ
ಶಿರಾ ಅವರೇ, ಅರ್ಜಿಯ ವಿಷಯ ಸರಿ. ಆದರೆ ಸರ್ಕಾರಿ ಟೆಕ್ನೀಷಿಯನ್ ಹುದ್ದೆ ಒಂದೇನಾ ಕೆಲಸ? ನಾನೂ ಬಿಎಸ್‌ಸಿ ಮೈಕ್ರೋಬಯಾಲಜಿ. ಈಗ ಔಷಧಿ ಕಂಪನಿಯಲ್ಲಿ ಸ್ಟೆರಿಲಿಟಿ ಟೆಸ್ಟಿಂಗ್, ಅಂದರೆ ಔಷಧಿಯಲ್ಲಿ ಸೂಕ್ಷ್ಮಾಣು ಇಲ್ಲವೆಂದು ನೋಡುವ ಪರೀಕ್ಷೆ, ಮಾಡುತ್ತೇನೆ. ಎರಡು ಬಗೆಯ ಮೀಡಿಯಾದಲ್ಲಿ ಹಾಕಿ 14 ದಿನ ಕಾಯುತ್ತೇವೆ, ಒಂದನ್ನು 30ರಿಂದ 35 ಡಿಗ್ರಿಯಲ್ಲಿ, ಇನ್ನೊಂದನ್ನು 20ರಿಂದ 25 ಡಿಗ್ರಿಯಲ್ಲಿ. ಕೈ ಶುದ್ಧ ಇಲ್ಲದಿದ್ದರೆ ಇಡೀ ಬ್ಯಾಚ್ ನಿಂತುಹೋಗುತ್ತದೆ. ಆಸ್ಪತ್ರೆ ಬೆಂಚಿನಲ್ಲಿ ಕಲಿತ ಅಸೆಪ್ಟಿಕ್ ಕೈ ಇಲ್ಲಿ ನೇರ ಉಪಯೋಗಕ್ಕೆ ಬರುತ್ತದೆ. ಡೈರಿ ಲ್ಯಾಬ್ ಇದೆ, ನೀರಿನ ಪರೀಕ್ಷೆ ಇದೆ, ಆಹಾರದ ಲ್ಯಾಬ್ ಇದೆ. ಕೋಲಾರ, ಚಿಕ್ಕಬಳ್ಳಾಪುರ ಹಾಲಿನ ಜಿಲ್ಲೆಗಳು, ಮೈಕ್ರೋಬಯಾಲಜಿ ಓದಿದವರಿಗೆ ಕೆಲಸ ಇರುವ ಜಾಗ.

ಶಿರಾ ಎಂಎಲ್‌ಟಿ
ಡೈರಿಗೆ ಹೋಗುವುದಾದರೆ ಡೈರಿಯಲ್ಲೇ ಅಪ್ರೆಂಟಿಸ್ ಆಗಲಿ. ಆಸ್ಪತ್ರೆಯಲ್ಲಿ ಒಂದು ವರ್ಷ ಯಾಕೆ? ರೋಗಿಯ ಮಾದರಿ ಮುಟ್ಟುವವರಿಗೆ ಆ ಓದೇ ಇರಬೇಕು ಎನ್ನುವುದು ನನ್ನ ಮಾತು.

ಬೆಂಚ್ ಅಕ್ಕ, ಟಮಕ
ಅಪ್ರೆಂಟಿಸ್ ಒಬ್ಬಳೇ ವರದಿ ಕೊಡುವುದಿಲ್ಲ ಕಣಪ್ಪ. ಅವಳು ಓದಿದ ಪ್ಲೇಟನ್ನು ಟೆಕ್ನೀಷಿಯನ್ ನೋಡುತ್ತಾರೆ, ಸಹಿ ಹಾಕುವುದು ಡಾಕ್ಟರ್. ಆದರೆ ಹುದ್ದೆಯ ವಿಷಯದಲ್ಲಿ ನೀನು ಹೇಳಿದ್ದನ್ನು ಒಪ್ಪುತ್ತೇನೆ. 2021ರ ಅಲೈಡ್ ಆರೋಗ್ಯ ವೃತ್ತಿಗಳ ಕಾಯ್ದೆಯ ಪಟ್ಟಿಯಲ್ಲೂ ಮೆಡಿಕಲ್ ಲ್ಯಾಬ್ ಟೆಕ್ನಾಲಜಿಸ್ಟ್ ಬೇರೆ, ಮೈಕ್ರೋಬಯಾಲಜಿಸ್ಟ್ ಬೇರೆ ಅಂತಲೇ ಇದೆ. ಮುಳಬಾಗಿಲು ತಂಗಿ, ನಿನಗೆ ಸರ್ಕಾರಿ ಟೆಕ್ನೀಷಿಯನ್ ಆಗುವುದೇ ಗುರಿಯಾ, ಇಲ್ಲಾ ಎಂಎಸ್‌ಸಿ ಮಾಡುವ ಯೋಚನೆಯಾ? ಎಂಎಸ್‌ಸಿ ಅಂದರೆ ಈ ವರ್ಷ ಬಂಗಾರ.

ಗುಬ್ಬಿ ಮೇಷ್ಟ್ರು
ನಾನು ಪ್ಲೇಸ್‌ಮೆಂಟ್ ನೋಡಿಕೊಳ್ಳುವ ಅಧ್ಯಾಪಕ. ಕಾಗದದ ವಿಷಯ ಬರೆಯುತ್ತೇನೆ, ಇದರಲ್ಲಿ ಮಕ್ಕಳು ಮೋಸ ಹೋಗುವುದನ್ನು ನೋಡಿದ್ದೇನೆ.

ಡಿಗ್ರಿ ಒಳಗೇ ಅಪ್ರೆಂಟಿಸ್‌ಶಿಪ್ ಸೇರಿಸಲು ಯುಜಿಸಿ 2020ರಲ್ಲಿ ಮಾರ್ಗಸೂಚಿ ಕೊಟ್ಟಿತು. ಅದರ ಹಿಂದೆ ಇರುವುದು 1961ರ ಅಪ್ರೆಂಟಿಸ್ ಕಾಯ್ದೆ. ಕಾಯ್ದೆ ಪ್ರಕಾರ ಅಪ್ರೆಂಟಿಸ್ ಅಂದರೆ ಕಲಿಯುವವರು, ಕಾರ್ಮಿಕರಲ್ಲ. ಹಾಗಾಗಿ ಮುಗಿದ ಮೇಲೆ ಅಲ್ಲೇ ಕೆಲಸ ಕೊಡುತ್ತಾರೆ ಎಂದು ಕೂರಬೇಡಿ. ಆದರೆ ತರಬೇತಿಯ ವೇಳೆ ಗಾಯವಾದರೆ ಪರಿಹಾರದ ಹೊಣೆ ಸಂಸ್ಥೆಯದೇ. 16ನೇ ಕಲಂ ನೋಡಿ.

ಸ್ಟೈಪೆಂಡ್ ಕೇಳಿದವರಿಗೆ: 2019ರ ತಿದ್ದುಪಡಿಯಲ್ಲಿ ಪದವಿ ಮಟ್ಟದ ಅಪ್ರೆಂಟಿಸ್‌ಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಎಂದು ಇಟ್ಟರು. ಅದು ಆಗಿನ ನೆಲ, ಈಗ ಎಷ್ಟಿದೆ ಎಂದು ವಿಚಾರಿಸಿ; ಮೇಲಕ್ಕೆ ಎಷ್ಟು ಬೇಕಾದರೂ ಕೊಡಬಹುದು. ಎನ್‌ಎಟಿಎಸ್ (ಕೇಂದ್ರ ಸರ್ಕಾರದ ಅಪ್ರೆಂಟಿಸ್ ಯೋಜನೆ) ಪೋರ್ಟಲಿನಲ್ಲಿ ಒಪ್ಪಂದ ನೋಂದಣಿ ಆಗಿದೆಯಾ ನೋಡಿ. ನೋಂದಣಿ ಇಲ್ಲದೆ "ಅಪ್ರೆಂಟಿಸ್" ಎಂದು ಬಾಯಲ್ಲಿ ಹೇಳಿದರೆ ಅದು ಬರೀ ಕಡಿಮೆ ದುಡ್ಡಿನ ಕೆಲಸ. ಅದಕ್ಕೆ ಒಪ್ಪಬೇಡಮ್ಮ.

ಒಪ್ಪಂದದ ಜೊತೆ ತರಬೇತಿ ಯೋಜನೆಯ ಹಾಳೆ ಕೇಳು. ಯಾವ ತಿಂಗಳು ಯಾವ ಬೆಂಚು ಎಂದು ಬರೆದಿರಬೇಕು. ಬರೆದು ಕೊಡದಿದ್ದರೆ ಗೌರಿಬಿದನೂರಿನವರ ಕಥೆಯೇ ನಿನಗೂ ಆಗುತ್ತದೆ.

ಕೆಜಿಎಫ್ ಅಣ್ಣ
9,000ಕ್ಕೆ ಮುಳಬಾಗಿಲಿನಿಂದ ಕೋಲಾರಕ್ಕೆ ಬಸ್ಸು, ಊಟ, ಎಲ್ಲಾ ಆಗಿ ಏನು ಉಳಿಯುತ್ತೆ ಮೇಷ್ಟ್ರೇ?

ಗುಬ್ಬಿ ಮೇಷ್ಟ್ರು
ಕ್ಲಾಸಿನಲ್ಲಿ ಕೂತರೆ ಫೀಸು ಕಟ್ಟಿ ಬಸ್ಸಿಗೂ ಕೊಡಬೇಕು. ಕಾರ್ಖಾನೆ ಸಂಬಳದ ಜೊತೆ ತೂಗಬೇಡಿ, ಡಿಗ್ರಿಯ ಒಂದು ವರ್ಷದ ಜೊತೆ ತೂಗಿ.

ಚಿಂತಾಮಣಿ ಅಮ್ಮ
ನನ್ನ ಮಗಳೂ ಇದೇ ಲೈನಿನಲ್ಲಿದ್ದಾಳೆ. ಹಣದ ಮಾತು ಬಿಡಿ. ಆ ಮಗುವಿನ ಅಪ್ಪ ಕೇಳಿದ್ದು ಟಿಬಿ ವಿಷಯ. ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ತಂದೆತಾಯಿಗೆ ಅದೇ ದೊಡ್ಡದು.

ಬೆಂಚ್ ಅಕ್ಕ, ಟಮಕ
ಅಮ್ಮ, ನೀವು ಕೇಳಿದ್ದು ಸರಿ. ಅಪಾಯ ಇಲ್ಲ ಎಂದು ನಾನು ಹೇಳುವುದಿಲ್ಲ. ಅಪಾಯ ಎಲ್ಲಿದೆ ಎಂದು ಗೊತ್ತಿರುವ ಲ್ಯಾಬಾ ಎನ್ನುವುದು ಮುಖ್ಯ.

ಟಿಬಿ ಅಂಟುವುದು ಗಾಳಿಯಲ್ಲಿ ತೇಲುವ ಸಣ್ಣ ಹನಿಗಳಿಂದ. ಕಫ ಮುಟ್ಟಿದರೆ ಅಂಟುವುದಲ್ಲ. ಡಬ್ಬಿ ತೆರೆಯುವುದು, ಅಲುಗಾಡಿಸುವುದು, ಸೆಂಟ್ರಿಫ್ಯೂಜ್ ಹಾಕುವುದು, ಇಂಥ ಕೆಲಸದಲ್ಲಿ ಹನಿ ಏಳುತ್ತದೆ. ಅದಕ್ಕೇ ಸುರಕ್ಷತಾ ಕ್ಯಾಬಿನೆಟ್, ನಾವು ಹುಡ್ ಅನ್ನುತ್ತೇವೆ. ಗಾಳಿಯನ್ನು ಒಳಗೆ ಎಳೆದು ಹೆಪಾ ಫಿಲ್ಟರ್ ಮೂಲಕ ಬಿಡುತ್ತದೆ. ಜೊತೆಗೆ ಎನ್95 ಮಾಸ್ಕ್. ಈಗ ಟಿಬಿ ಪರೀಕ್ಷೆಯಲ್ಲಿ ಸಿಬಿನಾಟ್, ಟ್ರೂನಾಟ್ ಎನ್ನುವ, ಬ್ಯಾಕ್ಟೀರಿಯಾದ ಡಿಎನ್‌ಎ ಹುಡುಕುವ ಮೆಷಿನ್‌ಗಳು ಬಂದಿವೆ. ಸ್ಲೈಡಿನಲ್ಲಿ ಟಿಬಿ ಕಾಣಬೇಕಾದರೆ ಒಂದು ಮಿಲೀ ಕಫದಲ್ಲಿ ಸುಮಾರು 10,000 ಬ್ಯಾಕ್ಟೀರಿಯಾ ಇರಬೇಕು, ಮೆಷಿನ್ ಅದಕ್ಕಿಂತ ತುಂಬಾ ಕಡಿಮೆ ಇದ್ದರೂ ಹಿಡಿಯುತ್ತದೆ. ಸಿಬಿನಾಟ್ ಫಲಿತಾಂಶ ಸುಮಾರು ಎರಡು ಗಂಟೆಯಲ್ಲಿ, ರಿಫಾಂಪಿಸಿನ್ ಔಷಧಿ ಕೆಲಸ ಮಾಡುತ್ತದಾ ಇಲ್ಲವಾ ಎನ್ನುವುದೂ ಸೇರಿ.

ನಿಜ ಹೇಳಬೇಕಾದರೆ, ನಮ್ಮ ಜಿಲ್ಲೆಯಲ್ಲಿ ನಾನು ಟಿಬಿಗಿಂತ ಹೆಚ್ಚು ಎಚ್ಚರ ವಹಿಸುವುದು ಬ್ರುಸೆಲ್ಲಾಗೆ. ಹಸು, ಎಮ್ಮೆ, ಕುರಿ ಸಾಕುವ ಮನೆಗಳು ಜಾಸ್ತಿ. ಕರು ಹಾಕಿಸುವಾಗ ಕೈ ಹಾಕಿದವರಿಗೆ, ಕಾಯಿಸದ ಹಾಲು ಕುಡಿದವರಿಗೆ ಬಿಟ್ಟುಬಿಟ್ಟು ಜ್ವರ, ಸೊಂಟ ನೋವು. ಬ್ಲಡ್ ಕಲ್ಚರ್‌ನಲ್ಲಿ ಅದು ನಿಧಾನವಾಗಿ ಬೆಳೆಯುತ್ತದೆ, ಗ್ರಾಂ ಸ್ಟೇನಿನಲ್ಲಿ ತುಂಬಾ ಚಿಕ್ಕ ಕೆಂಪು ಚುಕ್ಕೆಗಳು. ಲ್ಯಾಬಿನವರಿಗೆ ಅಂಟುವ ಬ್ಯಾಕ್ಟೀರಿಯಾಗಳಲ್ಲಿ ಇದೇ ಮುಂದು. ಸಂಶಯ ಬಂದ ಪ್ಲೇಟನ್ನು ಹುಡ್ ಹೊರಗೆ ತೆರೆಯಲೇಬಾರದು. ಹಳಬರು ಕೆಲವರು ಪ್ಲೇಟಿನ ವಾಸನೆ ನೋಡಿ ಯಾವ ಬ್ಯಾಕ್ಟೀರಿಯಾ ಎಂದು ಹೇಳುತ್ತಿದ್ದರು. ಯಾರಾದರೂ ನಿನಗೆ "ಮೂಸಿ ನೋಡು" ಎಂದರೆ ಮಾಡಬೇಡ ತಂಗಿ, ಎಷ್ಟೇ ದೊಡ್ಡವರು ಹೇಳಿದರೂ.

ಹೆಪಟೈಟಿಸ್ ಬಿ ಲಸಿಕೆ 0, 1, 6 ತಿಂಗಳು. ಸೇರುವ ಮೊದಲೇ ಶುರು ಮಾಡು. ಸೂಜಿ ಚುಚ್ಚಿದರೆ ನೀರು, ಸೋಪಿನಲ್ಲಿ ತೊಳೆದು ಆ ಕ್ಷಣವೇ ಹೇಳಬೇಕು. ಎಚ್‌ಐವಿ ತಡೆಯ ಔಷಧಿ ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು, 72 ಗಂಟೆ ದಾಟಬಾರದು. ಬೈಯುತ್ತಾರೆ ಎಂದು ಮುಚ್ಚಿಡುವ ಮಕ್ಕಳನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಚಿಂತಾಮಣಿ ಅಮ್ಮ
ತುಂಬಾ ಉಪಕಾರ ಆಯ್ತಮ್ಮ. ಹಾಲು ಕಾಯಿಸದೆ ಕುಡಿಯುವ ಚಟ ನಮ್ಮೆಜಮಾನರಿಗೂ ಇದೆ. ಇವತ್ತೇ ಇದನ್ನು ಓದಿ ಹೇಳುತ್ತೇನೆ.

ಶಿಡ್ಲಘಟ್ಟ ರೇಷ್ಮೆ
ವಿಷಯ ಸ್ವಲ್ಪ ಬೇರೆ, ಆದರೂ ಹೇಳಬೇಕು. ಮೈಕ್ರೋಸ್ಕೋಪ್ ಕೆಲಸ ಅಂದರೆ ಊರಿನವರಿಗೆ ಗೊತ್ತಿಲ್ಲದ್ದು ಅಂದುಕೊಳ್ಳಬೇಡಿ. ರೇಷ್ಮೆ ಮೊಟ್ಟೆ ತಯಾರಿಸುವ ಕಡೆ ತಾಯಿ ಚಿಟ್ಟೆಯನ್ನು ಅರೆದು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಗಂಟು ರೋಗದ ಬೀಜಕ ಕಂಡರೆ ಆ ಚಿಟ್ಟೆಯ ಮೊಟ್ಟೆ ಅಷ್ಟೂ ನಾಶ. ಈ ಪದ್ಧತಿಯನ್ನು ತಂದವರು ಲೂಯಿ ಪಾಶ್ಚರ್. 1865ರಿಂದ ಕೆಲವು ವರ್ಷ ಫ್ರಾನ್ಸಿನ ದಕ್ಷಿಣದಲ್ಲಿ ರೇಷ್ಮೆ ಹುಳುವಿನ ಕಾಯಿಲೆ ಹಿಂದೆ ಬಿದ್ದಿದ್ದರು. ನಮ್ಮ ಅಪ್ಪನಿಗೆ ಡಿಗ್ರಿ ಇಲ್ಲ, ಆದರೆ ಪರೀಕ್ಷೆ ಮಾಡದ ಮೊಟ್ಟೆ ಮನೆಗೆ ತರುವುದಿಲ್ಲ. ನಿಮ್ಮ ಅಪ್ಪನಿಗೆ ಹೀಗೆ ಹೇಳಿ ನೋಡಿ.

ಮುಳಬಾಗಿಲು ಹುಡುಗಿ
ಅಣ್ಣ, ನಮ್ಮ ಅತ್ತೆ ಮನೆಯಲ್ಲಿ ರೇಷ್ಮೆ ಇದೆ! ಇದು ಅಪ್ಪನಿಗೆ ಖಂಡಿತ ಅರ್ಥ ಆಗುತ್ತದೆ.

ಕ್ಯಾತ್ಸಂದ್ರ ಕ್ಯೂಸಿ
ಹಳೇ ಕಥೆ ಬಂತಲ್ಲ, ಇನ್ನೊಂದು. ನಾವು ಪ್ಲೇಟಿಗೆ ಹಾಕುವ ಅಗರ್ ಅಡುಗೆಮನೆಯಿಂದ ಬಂದದ್ದು. ಜರ್ಮನಿಯ ವಿಜ್ಞಾನಿ ರಾಬರ್ಟ್ ಕಾಖ್ ಅವರ ಲ್ಯಾಬಿನಲ್ಲಿ ಮೊದಲು ಜೆಲಟಿನ್ ಬಳಸುತ್ತಿದ್ದರು, ಸೆಕೆಗೆ ಕರಗುತ್ತಿತ್ತು. ಅಗರ್ ಹಾಕಿ ನೋಡಿ ಎಂದವರು ಫ್ಯಾನಿ ಹೆಸ್ಸೆ, ಅಲ್ಲಿ ಕೆಲಸ ಮಾಡುತ್ತಿದ್ದ ವಾಲ್ಟರ್ ಹೆಸ್ಸೆ ಅವರ ಹೆಂಡತಿ. ನಮ್ಮ ಅಂಗಡಿಯಲ್ಲಿ ಚೈನಾ ಗ್ರಾಸ್ ಎಂದು ಸಿಗುವುದೂ ಅಗರ್ರೇ. ಕಾಖ್ 1882ರ ಮಾರ್ಚ್ 24ರಂದು ಟಿಬಿ ಬ್ಯಾಕ್ಟೀರಿಯಾ ಬಗ್ಗೆ ಹೇಳಿದರು, ಅದೇ ದಿನ ಈಗ ಟಿಬಿ ದಿನ.

ಕೆಜಿಎಫ್ ಅಣ್ಣ
ಚೈನಾ ಗ್ರಾಸ್ ವಿಷಯ ಗೊತ್ತೇ ಇರಲಿಲ್ಲ!

ತಿಪಟೂರು, ಈಗ ಮ್ಯಾಂಚೆಸ್ಟರ್
ಇಲ್ಲಿ ಡಿಗ್ರಿ ಅಪ್ರೆಂಟಿಸ್‌ಶಿಪ್ ಅಂದರೆ ಬೇರೆಯೇ ಲೆಕ್ಕ. ಇಂಗ್ಲೆಂಡಿನಲ್ಲಿ 2015ರಲ್ಲಿ ಶುರುವಾಯಿತು. ಮೊದಲ ದಿನದಿಂದ ಆಸ್ಪತ್ರೆಯ ನೌಕರರು, ಸಂಬಳ ಇದೆ, ವಿಶ್ವವಿದ್ಯಾಲಯದ ಫೀಸು ಹುಡುಗರು ಕಟ್ಟುವುದಿಲ್ಲ. ಕೆಲಸದ ವೇಳೆಯಲ್ಲೇ ಓದಿಗೆ ಸಮಯ ಬಿಡಬೇಕು, ಅದು ನಿಯಮ. ಕೊನೆಗೆ ಎಚ್‌ಸಿಪಿಸಿ ಎನ್ನುವ ಮಂಡಳಿಯಲ್ಲಿ ನೋಂದಣಿ ಇಲ್ಲದೆ ಯಾರೂ ಬಯೋಮೆಡಿಕಲ್ ಸೈಂಟಿಸ್ಟ್ ಎಂದು ಹೇಳಿಕೊಳ್ಳುವಂತಿಲ್ಲ. ನೋಂದಣಿಗೆ ಮಾಡಿದ ಕೆಲಸದ ಪುರಾವೆ ಒಟ್ಟುಮಾಡಿದ ಫೈಲ್ ಬೇಕು. ಆ ಫೈಲ್ ಕಲ್ಪನೆಯನ್ನು ನೀನೂ ತಗೋ ಪುಟ್ಟಿ. ಯಾರೂ ಕೇಳದಿದ್ದರೂ ದಿನವೂ ಬರೆದಿಡು, ವಾರಕ್ಕೊಮ್ಮೆ ಸಹಿ ಹಾಕಿಸು. ರೋಗಿಯ ಹೆಸರು, ನಂಬರ್ ಮಾತ್ರ ಬರೆಯಬೇಡ.

ಶಿರಾ ಎಂಎಲ್‌ಟಿ
ಫೈಲ್ ಐಡಿಯಾ ಚೆನ್ನಾಗಿದೆ. ನಮ್ಮ ಇಂಟರ್ನ್‌ಶಿಪ್‌ನಲ್ಲೂ ಲಾಗ್‌ಬುಕ್ ಇದೆ. ಕೆಲವರು ಕೊನೇ ವಾರದಲ್ಲಿ ಕೂತು ಒಟ್ಟಿಗೇ ತುಂಬುತ್ತಾರೆ, ಅದರಿಂದ ಏನೂ ಪ್ರಯೋಜನ ಇಲ್ಲ. ನಾನು ಮೊದಲು ಬರೆದದ್ದು ಒರಟಾಗಿ ಕಂಡಿರಬಹುದು. ಮುಳಬಾಗಿಲು ಅವರೇ, ಸೆನ್ಸಿಟಿವಿಟಿ ಬೆಂಚ್ (ಯಾವ ಔಷಧಿ ಬ್ಯಾಕ್ಟೀರಿಯಾವನ್ನು ತಡೆಯುತ್ತದೆ ಎಂದು ನೋಡುವ ಕಡೆ) ಬಿಡಬೇಡಿ. ಮುಲ್ಲರ್ ಹಿಂಟನ್ ಅಗರ್ ಸರಿಯಾಗಿ 4 ಮಿಮೀ ದಪ್ಪ ಇರಬೇಕು. ದಪ್ಪ ಜಾಸ್ತಿ ಆದರೆ ಔಷಧಿಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವಲಯ ಚಿಕ್ಕದಾಗುತ್ತದೆ, ಕೆಲಸ ಮಾಡುವ ಔಷಧಿಯೂ ಕೆಲಸ ಮಾಡುವುದಿಲ್ಲ ಎಂದು ಬರುತ್ತದೆ. ಪ್ಲೇಟ್ ಸುರಿಯುವ ಕೆಲಸ ಕೊಟ್ಟರೆ ಕೀಳು ಕೆಲಸ ಎಂದುಕೊಳ್ಳಬೇಡಿ. ಮೀಡಿಯಾ ಕೋಣೆಯಲ್ಲಿ ಕಲಿಯದವರು ಬೆಂಚಿನಲ್ಲಿ ಎಡವುತ್ತಾರೆ.

ಗೌರಿಬಿದನೂರಿನವಳು
ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಸೂಕ್ಷ್ಮಾಣು ಕೊಲ್ಲುವ ಯಂತ್ರ) ಕೂಡ ಕಲಿಯಿರಿ. 121 ಡಿಗ್ರಿ, 15 ಪೌಂಡ್ ಒತ್ತಡ, ಮೀಡಿಯಾಗೆ 15 ನಿಮಿಷ. ಕಲ್ಚರ್ ಪ್ಲೇಟ್‌ಗಳನ್ನು ಹಾಗೇ ಹೊರಗೆ ಕಳಿಸುವಂತಿಲ್ಲ. 2016ರ ತ್ಯಾಜ್ಯ ನಿಯಮದಲ್ಲಿ ಲ್ಯಾಬಿನಲ್ಲೇ ಮೊದಲು ಕೊಲ್ಲಬೇಕು ಎಂದಿದೆ. ಅದೂ ಮಾಡದ ಜಾಗ ಆದರೆ ಅಲ್ಲಿಗೆ ಹೋಗಲೇಬೇಡಿ.

ಮುಳಬಾಗಿಲು ಹುಡುಗಿ
ಎಲ್ಲರಿಗೂ ತುಂಬಾ ಧನ್ಯವಾದ. ನನ್ನ ಯೋಚನೆ ಎಂಎಸ್‌ಸಿ ಕಡೆಗೇ ಇದೆ. ಶಿರಾ ಅವರು ಹುದ್ದೆಯ ವಿಷಯ ಹೇಳಿದ್ದು ಒಳ್ಳೆಯದಾಯಿತು, ಕಾಲೇಜಿನಲ್ಲಿ ಯಾರೂ ಹೇಳಿರಲಿಲ್ಲ. ಇವತ್ತು ಮೇಡಂಗೆ ಫೋನ್ ಮಾಡಿ ಪೋರ್ಟಲ್ ನೋಂದಣಿ ಮತ್ತು ತರಬೇತಿ ಹಾಳೆ ಕೇಳಿದೆ. ನೋಂದಣಿ ಇದೆಯಂತೆ. ಹಾಳೆಯಲ್ಲಿ "ಲ್ಯಾಬ್ ಕೆಲಸ" ಎಂದು ಅಷ್ಟೇ ಇದೆ. ಬೆಂಚ್ ಪ್ರಕಾರ ಬರೆಸಿ ಕೊಡಿ ಎಂದಿದ್ದೇನೆ, ಆಸ್ಪತ್ರೆಯವರನ್ನು ಕೇಳುತ್ತೇನೆ ಎಂದರು. ಬ್ರುಸೆಲ್ಲಾ ವಿಷಯ ಅಪ್ಪನಿಗೆ ಓದಿ ಹೇಳಿದೆ. ಹೆದರಬಹುದು ಅಂದುಕೊಂಡಿದ್ದೆ. "ಇಷ್ಟು ಗೊತ್ತಿರೋರು ಕಲಿಸ್ತಾರೆ ಅಂದ್ರೆ ಒಂದ್ಸಲ ಹೋಗಿ ನೋಡೋಣ" ಅಂದರು. ಸೋಮವಾರ ಇಬ್ಬರೂ ಲ್ಯಾಬ್ ನೋಡಲು ಹೋಗುತ್ತಿದ್ದೇವೆ. ಅಲ್ಲಿ ಏನೇನು ನೋಡಬೇಕು?

ಗುಬ್ಬಿ ಮೇಷ್ಟ್ರು
ಬೆಂಚ್ ಪ್ರಕಾರ ಬರೆದ ಹಾಳೆ ಕೈಗೆ ಬರುವವರೆಗೆ ಒಪ್ಪಿಗೆ ಪತ್ರ ಕೊಡಬೇಡ. ವಾರ ದಾಟಿದರೂ ಪರವಾಗಿಲ್ಲ, ಕೇಳಿದರೆ ಸಮಯ ಕೊಡುತ್ತಾರೆ. ರಾತ್ರಿ ಪಾಳಿ ಇದೆಯಾ ಎನ್ನುವುದನ್ನೂ ಅಪ್ಪನ ಮುಂದೆಯೇ ಕೇಳು.

ಬೆಂಚ್ ಅಕ್ಕ, ಟಮಕ
ಹುಡ್ ಮೇಲೆ ತಪಾಸಣೆಯ ಚೀಟಿ ಅಂಟಿಸಿರುತ್ತಾರೆ, ದಿನಾಂಕ ಒಂದು ವರ್ಷದ ಒಳಗೆ ಇರಬೇಕು. ಇನ್‌ಕ್ಯುಬೇಟರ್ ಪಕ್ಕದ ತಾಪಮಾನದ ಹಾಳೆ ಆ ದಿನದವರೆಗೆ ತುಂಬಿದೆಯಾ ನೋಡು. ಕೈ ತೊಳೆಯುವ ಸಿಂಕ್ ಬೇರೆ ಇದೆಯಾ, ಲ್ಯಾಬ್ ಒಳಗೆ ಯಾರಾದರೂ ಟೀ ಕುಡಿಯುತ್ತಿದ್ದಾರಾ ನೋಡು. ಈಗ ಅಲ್ಲಿ ಇರುವ ಅಪ್ರೆಂಟಿಸ್ ಸಿಕ್ಕರೆ ಹೊರಗೆ ಕರೆದು ಮಾತಾಡಿಸು. "ನಿನ್ನೆ ಏನು ಮಾಡಿದೆ?" ಎಂದು ಕೇಳು ಸಾಕು. ಲಸಿಕೆಗೆ ಸೋಮವಾರದವರೆಗೆ ಕಾಯಬೇಡ, ನಾಳೆಯೇ ಮೊದಲ ಡೋಸ್ ಹಾಕಿಸಿಕೋ. ಮೂರನೇ ಡೋಸ್ ಆದ ಒಂದೆರಡು ತಿಂಗಳಿಗೆ ಟೈಟರ್ (ಲಸಿಕೆಯಿಂದ ರಕ್ತದಲ್ಲಿ ಎಷ್ಟು ರಕ್ಷಣೆ ಬಂದಿದೆ ಎನ್ನುವ ಲೆಕ್ಕ) ನೋಡಿಸು, 10ಕ್ಕಿಂತ ಕಡಿಮೆ ಬಂದರೆ ಮತ್ತೆ ಹಾಕಿಸಬೇಕಾಗುತ್ತದೆ.